ಏಳನೆಯ ಕಿಣ್ವ

ತಂಗಿಯ ಮಣ್ಣು ಮುಗಿದ ನಾಲ್ಕನೆಯ ದಿನ ಯೋರ್ಡಿಸ್ ಕೆಲಸಕ್ಕೆ ಬಂದಳು. ಇನ್ನೂ ಎರಡು ವಾರ ರಜೆ ಇತ್ತು. ಮನೆಯಲ್ಲಿ ಕೂತು ಏನು ಮಾಡುವುದೆಂದು ತಿಳಿಯಲಿಲ್ಲ, ಅಷ್ಟೇ. ಬಸ್ಸಿಳಿದು, ಜಲ್ಲಿ ಚೆಲ್ಲಿದ ಮಂಜುಗಡ್ಡೆಯ ದಾರಿಯಲ್ಲಿ ನಡೆದು, ಬೂಟು ಕಳಚಿ, ಒಳಗಿನ ಚಪ್ಪಲಿ ಮೆಟ್ಟಿ, ಬಿಳಿ ಕೋಟು ತೊಟ್ಟಳು. ಇಪ್ಪತ್ತೆಂಟು ವರ್ಷದಿಂದ ದಿನವೂ ಮಾಡಿದ್ದೇ. ಕೈಕಾಲು ತಾವೇ ಮಾಡಿಕೊಂಡವು.

ಲ್ಯಾಬಿನ ಮುಖ್ಯಸ್ಥೆ ವೆಂಡೆಲಾ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಅವಳು ಯೋರ್ಡಿಸ್‌ಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ದಕ್ಷಿಣದ ತುದಿಯವಳು, ಮಾತು ಜಾಸ್ತಿ.

"ಏನ್ ಯೋರ್ಡಿಸ್, ಮನೇಲಿರು ಅಂದಿದ್ನಲ್ಲ."

"ಮನೇಲಿ ಎಲ್ಲಾ ತೊಳೆದಾಯ್ತು."

"ಅಂದ್ರೆ?"

"ತೊಳೆಯೋಕೆ ಇನ್ನೇನೂ ಉಳಿದಿಲ್ಲ."

ವೆಂಡೆಲಾ ಲೋಟ ಕೆಳಗಿಟ್ಟಳು. "ನೋಡು, ಏಳನೇದನ್ನ ನಾನೇ ನೋಡ್ಕೋತೀನಿ. ನೀನು ಮೂರು ನಾಲ್ಕರ ಕೆಲಸ ಹಿಡಿ. ಇಲ್ಲ, ಏಳನ್ನ ಸ್ವಲ್ಪ ದಿನ ಪಕ್ಕಕ್ಕಿಡೋಣ ಅಂದ್ರೂ ಸರಿ."

"ಏಳು ನನ್ನ ಕೆಲಸ."

"ನಿಜವಾಗ್ಲೂ?"

ಯೋರ್ಡಿಸ್ ತುಟಿ ಚೂಪು ಮಾಡಿ ಉಸಿರನ್ನು ಸರಕ್ಕನೆ ಒಳಗೆಳೆದುಕೊಂಡಳು. ಉತ್ತರದ ಕಾಡಿನವರಿಗೆ ಅದೇ ಹೌದು ಎನ್ನುವುದು. ವೆಂಡೆಲಾ ಈ ಊರಿಗೆ, ಊಮಿಯೋಗೆ, ಬಂದ ಹೊಸತರಲ್ಲಿ, ಈ ಹೆಂಗಸಿಗೆ ಉಸಿರು ಕಟ್ಟಿತೆಂದು ನೀರು ಹಿಡಿದು ಓಡಿ ಬಂದಿದ್ದಳು. ಆ ಕಥೆಯನ್ನು ಯೋರ್ಡಿಸ್ ತಂಗಿಗೆ ಹೇಳಿದಾಗ ಎಲ್ಸಿ ವಾರಗಟ್ಟಲೆ ನಕ್ಕಿದ್ದಳು.

ಆ ಲ್ಯಾಬಿನಲ್ಲಿ ಹನ್ನೊಂದು ಕಿಣ್ವಗಳಿದ್ದವು. ನಿಜ ಹೇಳಬೇಕೆಂದರೆ ಒಂದೇ ಕಿಣ್ವ, ಹನ್ನೊಂದು ಬಗೆಯಲ್ಲಿ ಕೆಟ್ಟದ್ದು. ರಕ್ತಕ್ಕೆ ಕೆಂಪು ಕೊಡುವ ಹೀಮನ್ನು ಮೈ ಎಂಟು ಹೆಜ್ಜೆಗಳಲ್ಲಿ ಕಟ್ಟುತ್ತದೆ, ಹೆಜ್ಜೆಗೊಂದು ಕಿಣ್ವ, ಅಂದರೆ ಹೆಜ್ಜೆಗೊಬ್ಬ ಕೆಲಸಗಾರ. ಲ್ಯಾಬಿನವರು ನೋಡುತ್ತಿದ್ದದ್ದು ಮೂರನೆಯ ಹೆಜ್ಜೆಯವನನ್ನು, ಅವನದು ಪೋಣಿಸುವ ಕೆಲಸ. ಪುಟ್ಟ ಉಂಗುರಗಳನ್ನು ಒಂದಾದ ಮೇಲೊಂದರಂತೆ ನಾಲ್ಕು ಸೇರಿಸಿ, ಆ ಸರವನ್ನು ಮುಂದಿನವನಿಗೆ ದಾಟಿಸಬೇಕು. ಮನುಷ್ಯರಿಗೆ ಈ ಕೆಲಸಗಾರನನ್ನು ತಯಾರಿಸುವ ಬರಹ ತಾಯಿಯಿಂದೊಂದು, ತಂದೆಯಿಂದೊಂದು ಬರುತ್ತದೆ. ಒಂದರಲ್ಲಿ ತಪ್ಪಿದ್ದರೂ ಇನ್ನೊಂದು ಹೇಗೋ ಸಂಸಾರ ತೂಗಿಸುತ್ತದೆ. ಆದರೆ ಹೊಟ್ಟೆ ಖಾಲಿ ಬಿಟ್ಟಾಗ, ಜ್ವರ ಬಂದಾಗ, ಆಗದ ಮಾತ್ರೆ ನುಂಗಿದಾಗ ಮೈ ಒಮ್ಮೆಲೇ ಹೆಚ್ಚು ಹೀಮ್ ಕೇಳುತ್ತದೆ. ಹಿಂದಿನವರು ಸರಕು ತಂದು ಸುರಿಯುತ್ತಾರೆ, ಮೂರನೆಯವನ ಬಾಗಿಲಲ್ಲಿ ರಾಶಿ ಬೀಳುತ್ತದೆ. ಆ ರಾಶಿ ನರಗಳಿಗೆ ವಿಷ. ಮೊದಲು ಹೊಟ್ಟೆನೋವು, ಆಮೇಲೆ ಕೈಕಾಲು, ಕೊನೆಗೆ ಉಸಿರು. ಊರಿನವರು ಅದಕ್ಕೆ ಪೋರ್ಫೈರಿಯಾ ಅನ್ನುತ್ತಿರಲಿಲ್ಲ. ಯೋರ್ಡಿಸ್ ಹುಟ್ಟಿದ ಆರ್ಯೆಪ್ಲೋಗ್‌ನಲ್ಲಿ ಅದು ಬರೀ 'ಕಾಯಿಲೆ'.

ಲ್ಯಾಬಿನವರು ಇಂಥ ಮನೆತನಗಳ ರಕ್ತ ತರಿಸಿ, ತಪ್ಪಿದ ಬರಹವನ್ನು ಹುಡುಕಿ, ಅದನ್ನು ಬ್ಯಾಕ್ಟೀರಿಯಾಗಳ ಒಳಗಿಟ್ಟು ಅವುಗಳ ಕೈಯಿಂದಲೇ ಆ ಕೆಟ್ಟ ಕಿಣ್ವವನ್ನು ಮಾಡಿಸುತ್ತಿದ್ದರು. ಯಾಕೆಂದರೆ ಒಳ್ಳೆಯ ಕಿಣ್ವ ಏನನ್ನೂ ತೋರಿಸಿಕೊಡುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕೂ ಪೋಣಿಸಿ ಕೈ ಒರೆಸಿಕೊಂಡಿರುತ್ತದೆ. ಕೆಟ್ಟದ್ದು ಎಲ್ಲಿ ತಡವರಿಸುತ್ತದೆ ಎಂದು ನೋಡಿದರೆ ಒಳ್ಳೆಯದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯುತ್ತದೆ. ಹನ್ನೊಂದರಲ್ಲಿ ಕೆಲವು ಮಡಚಿಕೊಳ್ಳಲಾರದೆ ಕಲಸಿದ ಹಿಟ್ಟಿನಂತೆ ಮುದ್ದೆಯಾಗುತ್ತಿದ್ದವು. ಕೆಲವು ಮೊದಲ ಉಂಗುರವನ್ನೇ ಮುಟ್ಟುತ್ತಿರಲಿಲ್ಲ. ಏಳನೆಯದು ಮಾತ್ರ ಬೇರೆ. ಒಂದು, ಎರಡು, ಮೂರು ಸರಿಯಾಗಿ ಪೋಣಿಸುತ್ತಿತ್ತು. ಮೂರನ್ನು ಹಿಡಿದು ನಿಂತುಬಿಡುತ್ತಿತ್ತು. ನಾಲ್ಕನೆಯದನ್ನು ಸೇರಿಸುತ್ತಿರಲಿಲ್ಲ, ಹಿಡಿದದ್ದನ್ನು ಬಿಡುತ್ತಲೂ ಇರಲಿಲ್ಲ.

ಏಳನೆಯದು ಎಲ್ಸಿಯದು. ಆ ಸೀಮೆಯಲ್ಲಿ ಕಾಯಿಲೆ ಇರುವವರಿಗೆಲ್ಲ ಬಹುಮಟ್ಟಿಗೆ ಒಂದೇ ತಪ್ಪು, ಯಾವನೋ ಒಬ್ಬ ಹಳೆಯ ಅಜ್ಜ ಬಿಟ್ಟುಹೋದದ್ದು. ಎಲ್ಸಿಯದು ಹಾಗಲ್ಲ, ತಾಯಿಯ ಕಡೆಯಿಂದ ಬಂದ ಅವರ ಮನೆಯ ಸ್ವಂತದ್ದು. ಎಂಟು ವರ್ಷದ ಹಿಂದೆ ಅಕ್ಕತಂಗಿಯರಿಬ್ಬರೂ ರಕ್ತ ಕೊಟ್ಟಿದ್ದರು. ಯೋರ್ಡಿಸ್‌ದು ಶುದ್ಧವಾಗಿ ಬಂದಿತ್ತು.

"ನಿಂಗೆ ಬುದ್ಧಿ, ನಂಗಿದು," ಎಂದಿದ್ದಳು ಎಲ್ಸಿ. "ಅಮ್ಮ ಸರಿಯಾಗೇ ಹಂಚಿದಾಳೆ ಬಿಡು."

ಆಮೇಲೆ ಫೋನು ಮಾಡಿದಾಗಲೆಲ್ಲ, "ನನ್ನ ಸೋಮಾರಿ ಹೇಗಿದಾನೆ? ಇವತ್ತಾದ್ರೂ ನಾಲ್ಕನೇದು ಪೋಣಿಸಿದ್ನಾ?" ಎಂದು ಕೇಳುವುದು ಅವಳ ರೂಢಿ. ಎಲ್ಸಿ ಊರಿನ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದಳು.

ತಾಯಿ ಅಲ್ಫ್ರಿಡಾ ಸತ್ತಾಗ ಯೋರ್ಡಿಸ್‌ಗೆ ಹತ್ತು, ಎಲ್ಸಿಗೆ ಎರಡು. ಅಲ್ಫ್ರಿಡಾ ಹೊಟ್ಟೆ ಹಿಡಿದುಕೊಂಡು ಕಿರುಚುತ್ತಿದ್ದಳು. ಊರೂರು ತಿರುಗುವ ಡಾಕ್ಟರು ಬಂದು ಒತ್ತಿ ನೋಡಿ, ಹೊಟ್ಟೆಯಲ್ಲಿ ಏನೂ ಇಲ್ಲ, ನರದ ದೌರ್ಬಲ್ಯ, ಹೆಂಗಸರಿಗೆ ಬರುವುದೇ ಎಂದು ನಿದ್ದೆಯ ಪುಡಿ ಕೊಟ್ಟು ಹೋದರು. ಆ ಪುಡಿಯೇ ಕಾಯಿಲೆಯ ಮೇವು ಎನ್ನುವುದು ಅವರಿಗೆ ಹೊಳೆಯಲಿಲ್ಲ. ಅಪ್ಪ ಬೆಳಿಗ್ಗೆ ಉಚ್ಚೆಯ ಪಾತ್ರೆ ತಂದು ಹಿಮದ ಮೇಲೆ ಚೆಲ್ಲುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಬೆಳಕು ತಾಗಿ ಆ ಜಾಗ ಹಣ್ಣಿನ ರಸ ಚೆಲ್ಲಿದಂತೆ ಕೆಂಪಾಗಿರುತ್ತಿತ್ತು. ಯೋರ್ಡಿಸ್ ಅದರ ಮೇಲೆ ಕಾಲಿನಿಂದ ಹೊಸ ಹಿಮ ಎಳೆಯುತ್ತಿದ್ದಳು, ನೆರೆಯವರು ನೋಡಬಾರದೆಂದು. ಹದಿನಾರನೆಯ ದಿನ ಅಮ್ಮನ ಉಸಿರು ನಿಂತಿತು. ಲ್ಯಾಬಿನ ಕೆಲಸ ಹಿಡಿಯಲು ಅದೇ ಕಾರಣವೇ ಎಂದು ಯಾರಾದರೂ ಕೇಳಿದರೆ, "ಕೆಲಸ ಖಾಲಿ ಇತ್ತು," ಎನ್ನುತ್ತಿದ್ದಳು.

ಜನವರಿಯಲ್ಲಿ ಶಾಲೆಯ ಮಕ್ಕಳಿಗೆಲ್ಲ ಚಳಿಗಾಲದ ವಾಂತಿ ಹಿಡಿಯಿತು. ಎಲ್ಸಿಗೂ ಹತ್ತಿತು. ಎರಡು ದಿನ ಅವಳ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನಿಗೆ ಫೋನು ಮಾಡಿದಳು.

ಯೋರ್ಡಿಸ್ ಆಗ ತಣ್ಣನೆಯ ಕೋಣೆಯಲ್ಲಿ ದಪ್ಪ ಜಾಕೆಟ್ಟು ಹಾಕಿಕೊಂಡು ಕೂತಿದ್ದಳು. ಎದುರಿಗೆ ಗಾಜಿನ ಕೊಳವೆ, ಅದರಿಂದ ಏಳನೆಯ ಕಿಣ್ವ ಹನಿಹನಿಯಾಗಿ ಇಳಿಯುತ್ತಿತ್ತು. ಎರಡು ದಿನದ ಸೋಸುವಿಕೆ, ಅದುವರೆಗಿನ ಅತಿ ಶುದ್ಧವಾದ ಕಂತು ಅದು. ಕೆಳಗೆ ಹನಿ ಹಿಡಿಯುವ ಕೊಳವೆ ಬದಲಿಸುವ ಹೊತ್ತು ತಪ್ಪಿದರೆ ಎಲ್ಲ ಕಲಸಿಹೋಗುತ್ತಿತ್ತು. ಗೋಡೆಯ ಫೋನನ್ನು ಭುಜ ಕಿವಿಗಳ ನಡುವೆ ಸಿಕ್ಕಿಸಿಕೊಂಡಳು.

"ಹೊಟ್ಟೆ ಸ್ವಲ್ಪ ಹಿಡ್ಕೊಂಡಿದೆ," ಎಂದಳು ಎಲ್ಸಿ.

"ವಾಂತಿದೋ, ಆ ಇನ್ನೊಂದೋ?"

"ಯಾರಿಗ್ಗೊತ್ತು. ಒಳಗೆ ಹೋಗಿ ನೋಡೋಕಾಗತ್ತಾ?"

"ಸಕ್ಕರೆ ನೀರು ಕುಡಿ. ಗುಟುಕು ಗುಟುಕಾಗಿ."

"ಕುಡ್ದೆ. ವಾಪಸ್ ಬಂತು. ನಮ್ಮ ಸೋಮಾರಿ ಏನ್ಮಾಡ್ತಿದಾನೆ?"

"ಈಗ ಇಳೀತಿದಾನೆ. ಎಲ್ಸಿ, ನಂಗೆ ಕೈ ಬಿಡುವಿಲ್ಲ, ನಾಳೆ ಬೆಳಿಗ್ಗೆ ಮಾಡ್ತೀನಿ."

"ಮಾಡು ಮಾಡು. ಅವನನ್ನ ನೋಡ್ಕೋ," ಎಂದು ತಂಗಿ ಫೋನಿಟ್ಟಳು.

ಮರುದಿನ ಬೆಳಿಗ್ಗೆ ಯೋರ್ಡಿಸ್ ಫೋನು ಎತ್ತುವ ಮೊದಲೇ ಅದು ಹೊಡೆದುಕೊಂಡಿತು. ಎಲ್ಸಿಯ ಮಗಳು ತೂವಾ, ಆಂಬ್ಯುಲೆನ್ಸಿನೊಳಗಿಂದ. ಕರಾವಳಿಯ ಆಸ್ಪತ್ರೆಗೆ ಇನ್ನೂರು ಕಿಲೋಮೀಟರು, ದಾರಿಯುದ್ದಕ್ಕೂ ಹಿಮಗಾಳಿ. ಅಲ್ಲಿ ಮಾಡಬೇಕಾದದ್ದನ್ನೆಲ್ಲ ಮಾಡಿದರು. ಸಕ್ಕರೆಯ ಡ್ರಿಪ್ ಹಾಕಿದರು. ಯಾರದೋ ರಕ್ತದಿಂದ ತೆಗೆದ ಹೀಮನ್ನೇ ಮದ್ದಾಗಿ ರಕ್ತನಾಳಕ್ಕೆ ಕೊಟ್ಟರು. ಹೊರಗಿಂದ ಹೀಮ್ ಸಿಕ್ಕಿದರೆ ಮೈ ಸರಕು ಸುರಿಯುವುದನ್ನು ನಿಲ್ಲಿಸುತ್ತದೆ. ನಿಲ್ಲಿಸಿತೂ ಕೂಡ. ಆದರೆ ಅಷ್ಟರಲ್ಲಿ ಕಾಲು ಹೋಗಿತ್ತು, ಕೈ ಹೋಗುತ್ತಿತ್ತು. ಹತ್ತೊಂಬತ್ತು ದಿನ ಎಲ್ಸಿ ಯಂತ್ರದ ಉಸಿರಿನಲ್ಲಿದ್ದಳು. ಯೋರ್ಡಿಸ್ ಪಕ್ಕದಲ್ಲಿ ಕೂತು ಯಂತ್ರದ ಅಂಕಿಗಳನ್ನು ಓದುತ್ತಿದ್ದಳು. ಅಂಕಿ ಓದುವುದು ಅವಳಿಗೆ ಬರುತ್ತಿತ್ತು. ಕೊನೆಗೆ ಎದೆಗೆ ಸೋಂಕಾಗಿ ಎಲ್ಸಿ ತೀರಿಕೊಂಡಳು. ನಲವತ್ತೇಳು ವಯಸ್ಸು.

ನೆಲ ಕಲ್ಲಾಗಿತ್ತು. ಇಗರ್ಜಿಯ ತೋಟಗಾರ ಗುಂಡಿ ತೋಡುವ ಜಾಗದ ಮೇಲೆ ತಗಡಿನ ಪೆಟ್ಟಿಗೆ ಮುಚ್ಚಿ ಎರಡು ದಿನ ಬಿಸಿ ಕೊಟ್ಟು ಮಣ್ಣು ಕರಗಿಸಿದ. ಶಾಲೆಯ ಅಡುಗೆಯವರೆಲ್ಲ ಬಂದಿದ್ದರು. ಯೋರ್ಡಿಸ್ ಎಲ್ಲರ ಕೈ ಕುಲುಕಿದಳು. ಯಾರೋ ಅವಳ ಬೆನ್ನ ಹಿಂದೆ, "ಗಟ್ಟಿ ಹೆಂಗಸು," ಎಂದದ್ದು ಕೇಳಿಸಿತು. ಗಟ್ಟಿ ಎನ್ನುವಂಥದ್ದೇನೂ ತನ್ನೊಳಗೆ ಇರುವುದು ಅವಳಿಗೆ ಗೊತ್ತಾಗಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುವ ಹಾಗಿತ್ತು, ಇದೆ, ಆದರೆ ತನ್ನದಲ್ಲ.

ಈಗ ಯೋರ್ಡಿಸ್ ಏಳನೆಯದನ್ನು ಕೇಳಿ ಪಡೆದ ಮೇಲೆ ವೆಂಡೆಲಾ ಇನ್ನೊಂದು ಮಾತು ಹೇಳಬೇಕಾಯಿತು. ಹೇಳಲು ಅವಳು ಮಧ್ಯಾಹ್ನದವರೆಗೆ ಸುತ್ತಾಡಿದಳು.

"ಯೋರ್ಡಿಸ್, ಅದು ಹರಳು ಕಟ್ಟಿದೆ."

"ಯಾವುದು?"

"ಏಳು. ಜನವರೀಲಿ ನೀನು ಸೋಸಿದ್ದು. ಹೋದ ವಾರ, ನೀನು ಊರಲ್ಲಿದ್ದಾಗ ಕಾಣಿಸ್ತು. ಫೋನ್ ಮಾಡೋಣ ಅನ್ಕೊಂಡೆ. ಆಮೇಲೆ ಎಂಥಾ ಹೆಂಗಸಪ್ಪಾ ನಾನು ಅನ್ನಿಸ್ತು."

ಆರು ವರ್ಷ ಅವರು ಕಾದದ್ದು ಅದಕ್ಕೇ. ಹರಳಾದರೆ ಅದನ್ನು ದಕ್ಷಿಣದ ಲುಂಡ್‌ಗೆ ಒಯ್ದು ಎಕ್ಸ್-ಕಿರಣ ಹಾಯಿಸಿ, ಕಿಣ್ವದ ಆಕಾರವನ್ನು ಅಣು ಅಣುವಾಗಿ ಬರೆಯಬಹುದು. ಅದರಲ್ಲೂ ಏಳನೆಯದು ಅರ್ಧ ಸರವನ್ನು ಕೈಯಲ್ಲಿ ಹಿಡಿದುಕೊಂಡೇ ಹರಳಾಗಿತ್ತು. ಮೂರು ಉಂಗುರ ಸೇರಿಸಿದ ಮೇಲೆ ನಾಲ್ಕನೆಯದಕ್ಕೆ ಜಾಗ ಎಲ್ಲಿ ಮಾಡಿಕೊಳ್ಳುತ್ತದೆ ಎನ್ನುವ ಪ್ರಶ್ನೆಗೆ ಅವರ ಲ್ಯಾಬಿನಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಯೋರ್ಡಿಸ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಹನಿಯೊಳಗೆ ಏಳೆಂಟು ಸಣ್ಣ ಹಲಗೆಗಳು, ಅಂಚು ಚೂಪಾಗಿ, ಚೊಕ್ಕವಾಗಿ. ಅವಳ ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಇಷ್ಟು ಒಳ್ಳೆಯ ಹರಳು ಕಂಡಿರಲಿಲ್ಲ.

"ಚೆನ್ನಾಗಿವೆ," ಎಂದಳು. ಪುಸ್ತಕ ತೆಗೆದು ಹನಿಯ ಸಂಖ್ಯೆ, ತಾರೀಖು, ಉಷ್ಣತೆ ಬರೆದಳು. ವೆಂಡೆಲಾ ಅವಳ ತೋಳು ಮುಟ್ಟಿದಳು. ತೋಳು ಮುಟ್ಟಿದ್ದು ಯೋರ್ಡಿಸ್‌ಗೆ ಕಾಣಿಸಿತು.

ಮಾರ್ಚ್ ಪೂರ್ತಿ ಅವಳು ಕೆಲಸ ಮಾಡಿದಳು. ಹರಳುಗಳನ್ನು ಕೂದಲಿನ ಕುಣಿಕೆಯಂಥ ಉಪಕರಣದಿಂದ ಎತ್ತಿ, ದ್ರವ ಸಾರಜನಕದಲ್ಲಿ ಅದ್ದಿ ಹೆಪ್ಪುಗಟ್ಟಿಸಿದಳು. ವೆಂಡೆಲಾ ಅವನ್ನು ಲುಂಡ್‌ಗೆ ಒಯ್ದಳು. ಸಂಜೆ ಯೋರ್ಡಿಸ್ ಮನೆಗೆ ಹೋಗಿ ರೇಡಿಯೋ ಹಾಕಿ, ಅದು ಏನು ಹೇಳುತ್ತಿದೆಯೆಂದು ಕೇಳದೆ ಕೂತಿರುತ್ತಿದ್ದಳು.

ಏಪ್ರಿಲಿನಲ್ಲಿ ತೂವಾ ಬಂದಳು. ಇಪ್ಪತ್ತೊಂದರ ಹುಡುಗಿ. ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆಯ ಮೇಲೆ ಹೊರದೇಶದ ಕಂಪನಿಗಳ ಹೊಸ ಕಾರು ಓಡಿಸಿ ಬ್ರೇಕು ಪರೀಕ್ಷಿಸುವುದು ಅವಳ ಕೆಲಸ. ಗಡ್ಡೆ ಮೆತ್ತಗಾದ ಮೇಲೆ ಆ ಕೆಲಸ ಮುಗಿಯುತ್ತದೆ. ಚೀಲ ಇಳಿಸಿ, ಅಡುಗೆಮನೆಯ ಮೇಜಿಗೆ ಕೂತು, ಒಣರೊಟ್ಟಿಗೆ ಬೆಣ್ಣೆ ಹಚ್ಚುತ್ತಾ ಹಚ್ಚುತ್ತಾ ತಿನ್ನದೆ ಕೆಳಗಿಟ್ಟಳು.

"ದೊಡ್ಡಮ್ಮ, ಒಂದ್ ಕೇಳ್ತೀನಿ. ಅಮ್ಮ ಆವತ್ತು ನಿಂಗೆ ಫೋನ್ ಮಾಡಿದ್ಲಲ್ಲ."

"ಮಾಡಿದ್ಲು."

"ಏನ್ ಮಾತಾಡಿದ್ರಿ?"

ಯೋರ್ಡಿಸ್ ಹೇಳಿದಳು. ಗಂಟೆ ಎಷ್ಟಾಗಿತ್ತು, ತಾನೆಲ್ಲಿ ಕೂತಿದ್ದೆ, ಎಲ್ಸಿ ಏನೆಂದಳು, ತಾನೇನೆಂದೆ. ಪ್ರಯೋಗದ ಪುಸ್ತಕಕ್ಕೆ ಬರೆಸುವವಳಂತೆ ಒಂದನ್ನೂ ಬಿಡದೆ ಹೇಳಿದಳು. ಯಾರಿಗೂ ಅದುವರೆಗೆ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಆಸ್ಪತ್ರೆಗೆ ಹೋಗು ಅನ್ಲಿಲ್ವಾ?"

"ಇಲ್ಲ."

"ಒಂದ್ಸಲಾನೂ?"

"ಇಲ್ಲ. ಕೊಳವೆ ಬದಲಿಸ್ಬೇಕಿತ್ತು."

ತೂವಾ ಚಾಕುವಿನಿಂದ ಬೆಣ್ಣೆಯ ಮೇಲೆ ಗೆರೆ ಎಳೆದಳು. "ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ಅಮ್ಮ ಸೋಫಾ ಮೇಲೆ ಮುದುರ್ಕೊಂಡಿದ್ಲು. ದೊಡ್ಡಮ್ಮಂಗೆ ಫೋನ್ ಮಾಡಿದ್ಯಾ ಅಂತ ಕೇಳ್ದೆ. 'ಮಾಡ್ದೆ, ಅವ್ಳು ಆಸ್ಪತ್ರೆಗೆ ಹೋಗು ಅಂತ ಬೈದ್ಲು, ಸಾಯಂಕಾಲ ನೋಡೋಣ ಬಿಡು' ಅಂದ್ಲು."

ಯೋರ್ಡಿಸ್ ಬೆಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿದಳು.

"ಅಂದ್ರೆ ಅವ್ಳಿಗೇ ಗೊತ್ತಿತ್ತು," ಎಂದಳು ತೂವಾ. "ನೀನು ಹೇಳ್ದೇ ಇದ್ದಿದ್ದನ್ನ ತಾನೇ ಹೇಳ್ಕೊಂಡ್ಲು, ಆಮೇಲೆ ಆ ಮಾತನ್ನ ತಾನೇ ಕೇಳ್ಲಿಲ್ಲ. ನಾನೂ ಸರಿ ಅಂದ್ಕೊಂಡು ವಾಪಸ್ ಕೆಲಸಕ್ಕೆ ಹೋದೆ. ಆವತ್ತು ಹನ್ನೆರಡು ಸುತ್ತು ಬಾಕಿ ಇತ್ತು."

"ನಾನು ಹೇಳ್ಬೇಕಿತ್ತು."

"ಹೇಳ್ಬೇಕಿತ್ತು," ಎಂದಳು ತೂವಾ. ಕೋಪದಿಂದಲ್ಲ, ಇದ್ದದ್ದನ್ನು ಇದ್ದಂತೆ. "ನಾನೂ ಕಾರ್ ಹತ್ತಿಸ್ಬೇಕಿತ್ತು. ಹೊತ್ಕೊಂಡಾದ್ರೂ."

ಹೊರಗೆ ಚಾವಣಿಯಿಂದ ಹಿಮ ಕರಗಿ ನೀರು ಇಳಿಯುತ್ತಿತ್ತು. ಇಬ್ಬರೂ ಕಾಫಿ ಕುಡಿದು ಮುಗಿಸಿದರು. ಯೋರ್ಡಿಸ್ ಲೋಟ ತೊಳೆದಳು, ತೂವಾ ಒರೆಸಿದಳು.

"ನಂಗೂ ಪರೀಕ್ಷೆ ಮಾಡಿಬಿಡು," ಎಂದಳು ಹುಡುಗಿ. "ಇಲ್ಲೇ, ನಿನ್ನ ಲ್ಯಾಬಲ್ಲಿ."

"ಆಗಲ್ಲ. ನಮ್ದು ಕಿಣ್ವದ ಲ್ಯಾಬು, ಮನುಷ್ಯರದ್ದಲ್ಲ. ಅದಕ್ಕೇಂತ ಡಾಕ್ಟರ್ ಇದಾಳೆ. ಮೊದ್ಲು ಕೂರಿಸ್ಕೊಂಡು ಮಾತಾಡ್ತಾಳೆ, ಆಮೇಲೆ ರಕ್ತ."

"ನೀನು ಬರ್ತೀಯಾ?"

ಯೋರ್ಡಿಸ್ ಉಸಿರನ್ನು ಒಳಗೆಳೆದುಕೊಂಡಳು.

ಫಲಿತಾಂಶ ಬರಲು ಐದು ವಾರ ಹಿಡಿಯಿತು. ಆ ಐದು ವಾರ ತೂವಾ ದೊಡ್ಡಮ್ಮನ ಮನೆಯಲ್ಲೇ ಉಳಿದು, ಒಂದು ಬೇಕರಿಯಲ್ಲಿ ಕೆಲಸ ಹಿಡಿದಳು. ಅದೇ ದಿನಗಳಲ್ಲಿ ಲುಂಡ್‌ನಿಂದ ಚಿತ್ರವೂ ತಯಾರಾಗಿ ಬಂತು. ವೆಂಡೆಲಾ ಪರದೆಯ ಮುಂದೆ ಕೂತು ಬೆರಳಿನಿಂದ ತೋರಿಸಿದಳು. ಒಳ್ಳೆಯ ಕಿಣ್ವದಲ್ಲಿ ಒಂದು ಪುಟ್ಟ ಕುಣಿಕೆ ಇದೆ, ಮೂರನೆಯ ಉಂಗುರ ಬಂದ ಮೇಲೆ ಅದು ಪಕ್ಕಕ್ಕೆ ಸರಿಯಬೇಕು, ಆಗ ಮೊದಲೇ ಸೇರಿದವು ಒಳಗೆ ಸರಿದು ನಾಲ್ಕನೆಯದಕ್ಕೆ ಜಾಗವಾಗುತ್ತದೆ. ಏಳನೆಯದರಲ್ಲಿ ಆ ಕುಣಿಕೆಯ ಬುಡದ ಒಂದೇ ಒಂದು ಅಮೈನೋ ಆಮ್ಲ ಬೇರೆ, ಗಾತ್ರದಲ್ಲಿ ದೊಡ್ಡದು. ಅದು ಕದಕ್ಕೆ ಸಿಕ್ಕಿಸಿದ ಬೂಟಿನ ಹಾಗೆ ಅಡ್ಡ ನಿಂತಿತ್ತು. ಸರ ಬೆಳೆದಂತೆ ಒಳಗೆ ಜಾಗವಾಗುವುದು ಹೇಗೆಂದು ಅದರಿಂದ ತಿಳಿಯಿತು.

"ಆರು ವರ್ಷ," ಎಂದಳು ವೆಂಡೆಲಾ. "ಉಳಿದ ಹತ್ತೂ ಏನೂ ಹೇಳ್ಲಿಲ್ಲ. ಇದೊಂದೇ ಹೇಳಿದ್ದು." ಆಮೇಲೆ ತನ್ನ ಮಾತು ತನಗೇ ಕೇಳಿಸಿ ಬಾಯಿ ಮುಚ್ಚಿದಳು.

"ಪರವಾಗಿಲ್ಲ," ಎಂದಳು ಯೋರ್ಡಿಸ್. "ಎಲ್ಸಿಗೂ ಮಾತು ಜಾಸ್ತಿ."

ಲೇಖನದ ಕರಡಿನಲ್ಲಿ ಯೋರ್ಡಿಸ್ ಹೆಸರು ಎರಡನೆಯದಾಗಿತ್ತು. ಎಲ್ಸಿಯ ಹೆಸರು ಹಾಕುವಂತಿರಲಿಲ್ಲ, ನಿಯಮ. 'ಏಳನೆಯ ರೂಪಾಂತರ, ಒಂದೇ ಕುಟುಂಬ, ಮಹಿಳೆ, ವಯಸ್ಸು ೪೭, ಮೃತ' ಎಂದು ಪಟ್ಟಿಯಲ್ಲಿ ಒಂದು ಸಾಲು. ಯೋರ್ಡಿಸ್ ಕರಡನ್ನು ಎರಡು ಸಲ ಓದಿ, ಒಂದು ಕಡೆ ಉಷ್ಣತೆ ತಪ್ಪಿದ್ದನ್ನು ತಿದ್ದಿ ಹಿಂದಕ್ಕೆ ಕೊಟ್ಟಳು.

ಮೇ ಕೊನೆಯಲ್ಲಿ ಡಾಕ್ಟರು ತೂವಾಳನ್ನು ಕರೆದು ಹೇಳಿದಳು. ಅವಳಲ್ಲೂ ಅದೇ ತಪ್ಪಿತ್ತು. ಆಗದ ಔಷಧಗಳ ಪಟ್ಟಿ, ಜೇಬಿನಲ್ಲಿಡುವ ಕಾರ್ಡು, ವರ್ಷಕ್ಕೊಮ್ಮೆ ತಪಾಸಣೆ, ಹೊತ್ತುಹೊತ್ತಿಗೆ ಊಟ. ಎಷ್ಟೋ ಜನ ಇದನ್ನಿಟ್ಟುಕೊಂಡು ಒಮ್ಮೆಯೂ ಮಲಗದೆ ಮುದುಕರಾಗಿದ್ದಾರೆ ಎಂದೂ ಹೇಳಿದಳು. ತೂವಾ ತಲೆಯಾಡಿಸಿದಳು. ಹೊರಗೆ ಬಂದು, "ಹಾಗಾದ್ರೆ ನಿಂಗೆ ಇನ್ನೂ ಒಬ್ಬ ಸೋಮಾರಿ ಸಿಕ್ದ," ಎಂದಳು. ಯೋರ್ಡಿಸ್‌ಗೆ ನಗಬೇಕೆಂದು ಗೊತ್ತಾಯಿತು. ಬಾಯಿ ಅಷ್ಟು ದೂರ ಹೋಗಲಿಲ್ಲ.

ಜೂನಿನಲ್ಲಿ ಸಮಾಧಿಯ ಮೇಲೆ ಹೂಗಿಡ ನೆಡಲು ಇಬ್ಬರೂ ಊರಿಗೆ ಹೋದರು. ಕಾರು ತೂವಾ ಓಡಿಸಿದಳು, ಗಡ್ಡೆಯ ಮೇಲೆ ಓಡಿಸಿದ ಕೈ, ಎಲ್ಲೂ ಕುಲುಕಲಿಲ್ಲ. ಕಲ್ಲು ಇನ್ನೂ ಬಂದಿರಲಿಲ್ಲ, ಮರದ ಪಟ್ಟಿಯ ಮೇಲೆ ಹೆಸರು ಬರೆದಿತ್ತು. ಅಲ್ಫ್ರಿಡಾಳ ಕಲ್ಲು ಎರಡು ಸಾಲು ಆಚೆ. ಶಾಲೆಯ ಅಡುಗೆಯ ಮುದುಕಿ ತೈರಾ ನೀರಿನ ಡಬ್ಬಿ ಹಿಡಿದು ಬಂದು, ಯಾರೂ ಕೇಳದಿದ್ದರೂ ಶುರು ಮಾಡಿದಳು.

"ಒಂದಿನ ಮೀನಿನ ಸಾರಿಗೆ ಉಪ್ಪು ಎರಡು ಸಲ ಹಾಕ್ಬಿಟ್ಟಿದ್ಲು ನಿನ್ ತಂಗಿ. ಹೆಡ್‌ಮಾಸ್ತರ ಬಂದು ಕೇಳಿದ್ರೆ, ಇದು ಸಮುದ್ರದ ಮೀನು ಸ್ವಾಮಿ, ಅದರ ಊರಿನ ನೀರಲ್ಲೇ ಬೇಯಿಸಿದೀನಿ ಅಂದ್ಲು. ಅವ್ನು ತಿಂದ ನೋಡು, ಪೂರ್ತಿ."

ತೂವಾ ನಕ್ಕು ನಕ್ಕು ಕೊನೆಗೆ ಕಣ್ಣೊರೆಸಿಕೊಂಡಳು. ತೈರಾಳೂ ಅತ್ತಳು. ಯೋರ್ಡಿಸ್ ಮಣ್ಣಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಅಳು ಇಲ್ಲೇ ಎಲ್ಲೋ ಇರಬೇಕು ಅನ್ನಿಸಿತು. ಹುಡುಕಲು ಹೋಗಲಿಲ್ಲ. ಸೊಳ್ಳೆಗಳು ಕಿವಿಯ ಹತ್ತಿರ ಹಾಡುತ್ತಿದ್ದವು, ಒಂದು ಮಣಿಕಟ್ಟನ್ನು ಕಚ್ಚಿತು, ಉರಿಯಿತು.

ತೈರಾ ಹೋದ ಮೇಲೆ ತೂವಾ ಪಕ್ಕದಲ್ಲಿ ಬಂದು ಕೂತಳು. ಬೆಳಿಗ್ಗೆ ಏಳಕ್ಕೆ ಹೊರಟದ್ದು, ಈಗ ಹನ್ನೆರಡೂವರೆ.

"ಏನಾದ್ರೂ ತಿಂದ್ಯಾ?" ಎಂದಳು ಯೋರ್ಡಿಸ್.

"ಆಮೇಲೆ ತಿಂತೀನಿ."

"ಈಗ."

ಹುಡುಗಿ ಅವಳ ಮುಖ ನೋಡಿ, ಎದುರುಮಾತಾಡದೆ ಚೀಲ ಬಿಚ್ಚಿದಳು. ಚೀಸ್ ಇಟ್ಟು ಮಡಚಿದ ಮೆತ್ತನೆಯ ರೊಟ್ಟಿ. ಯೋರ್ಡಿಸ್ ಅವಳು ಕಚ್ಚುವುದನ್ನು, ಅಗಿಯುವುದನ್ನು, ನುಂಗುವುದನ್ನು ನೋಡುತ್ತಾ ಕೂತಳು. ಕೊನೆಯ ತುಂಡು ಮುಗಿಯಿತು.

"ಇನ್ನೊಂದು ತಗೋ," ಎಂದಳು.